ತಡೆಯದೆ ಬಿಟ್ಟ ಆಟಗಾರ

ಮೊದಲಿಗೆ ಒಂದು ಕೋರಿಕೆ. ಮುಂದಿನ ಸಲ ಅಮೆರಿಕನ್ ಫುಟ್‌ಬಾಲ್‌ನ ಕಾಲೇಜು ಪಂದ್ಯ ನೋಡುವಾಗ ಹತ್ತು ನಿಮಿಷ ಚೆಂಡಿನ ಕಡೆ ನೋಡಬೇಡಿ. ಕ್ರಿಕೆಟ್ ನೋಡುತ್ತಾ ಬೆಳೆದ ನಮಗೆ ಇದು ಕಷ್ಟ. ಚೆಂಡು ಹೋದಲ್ಲಿಗೆ ಕಣ್ಣು ಹೋಗುತ್ತದೆ. ಆದರೆ ನಾನು ಇಂದು ಹೇಳಲಿರುವ ಆಪ್ಷನ್ ಎಂಬ ಓಟದ ಆಟದಲ್ಲಿ ಚೆಂಡನ್ನು ನೋಡಿದವನು ಮೋಸಹೋಗುತ್ತಾನೆ. ಮೈದಾನದಲ್ಲಿರುವ ರಕ್ಷಣಾ ತಂಡದವರಿಗೂ ಇದೇ ಮಾತು ಸಲ್ಲುತ್ತದೆ.

ಪಾಲ್ ಜಾನ್ಸನ್ ಎಂಬ ಕೋಚ್ 2008ರಿಂದ 2018ರವರೆಗೆ ನಮ್ಮೂರು ಅಟ್ಲಾಂಟಾದ ಜಾರ್ಜಿಯಾ ಟೆಕ್ ತಂಡವನ್ನು ನಡೆಸಿದರು. ಆ ವರ್ಷಗಳಲ್ಲಿ ನಾನು ಬಾಬಿ ಡಾಡ್ ಕ್ರೀಡಾಂಗಣದಲ್ಲಿ ಗೋಲ್ ಕಂಬಗಳ ಹಿಂದಿನ ಮೇಲಿನ ಸಾಲಿನಲ್ಲಿ ಕೂರುತ್ತಿದ್ದೆ. ಅಗ್ಗದ ಟಿಕೆಟ್ ಎಂದು ಮೊದಲು ಅಲ್ಲಿ ಕೂತೆ. ಆಮೇಲೆ ಬೇರೆಡೆ ಕೂರಲು ಮನಸ್ಸಾಗಲಿಲ್ಲ. ಪಕ್ಕದಿಂದ ನೋಡಿದರೆ ಇಪ್ಪತ್ತೆರಡು ಮಂದಿಯ ತಳ್ಳಾಟ ಕಾಣುತ್ತದೆ. ಹಿಂದಿನಿಂದ, ಎತ್ತರದಿಂದ ನೋಡಿದರೆ ರಂಗೋಲಿಯ ಚುಕ್ಕಿಗಳ ಹಾಗೆ ಒಬ್ಬೊಬ್ಬನ ಜಾಗ, ಒಬ್ಬೊಬ್ಬನ ದಾರಿ ಕಾಣುತ್ತದೆ. ಆ ಸಾಲಿನಲ್ಲಿ ಕೂತಾಗಲೇ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಎದುರಾಳಿಯ ಒಬ್ಬ ದೊಡ್ಡ ಆಳನ್ನು ಟೆಕ್ ತಂಡದವರು ಯಾರೂ ಮುಟ್ಟುತ್ತಲೇ ಇರಲಿಲ್ಲ. ಅವನ ಪಕ್ಕದಿಂದಲೇ ಹಾದು ಮುಂದಿನವರನ್ನು ಅಡ್ಡಗಟ್ಟಲು ಓಡುತ್ತಿದ್ದರು. ಮರೆತರೇನೋ ಎಂದುಕೊಂಡೆ. ಮತ್ತೆ ಮತ್ತೆ ಹಾಗೆಯೇ ಆಯಿತು. ಆಪ್ಷನ್ ಆಟದ ಗುಟ್ಟೆಲ್ಲ ಆ ಮುಟ್ಟದೆ ಬಿಟ್ಟವನಲ್ಲಿದೆ.

ಲೆಕ್ಕ ಹೀಗಿದೆ. ಎರಡೂ ಕಡೆ ಹನ್ನೊಂದು ಮಂದಿ. ಸಾಮಾನ್ಯ ಓಟದ ಆಟದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡನ್ನು ಮೊದಲು ಕೈಗೆ ಪಡೆದು ಆಟ ನಡೆಸುವವನು, ಅದನ್ನು ಇನ್ನೊಬ್ಬನ ಕೈಗಿಟ್ಟು ಸುಮ್ಮನಾಗುತ್ತಾನೆ. ಚೆಂಡು ಹಿಡಿದು ಓಡುವವನು ಯಾರನ್ನೂ ತಡೆಯಲಾರ. ಹಾಗಾಗಿ ಹನ್ನೊಂದು ರಕ್ಷಕರನ್ನು ತಡೆಯಲು ಒಂಬತ್ತೇ ಮಂದಿ. ಇಬ್ಬರ ಕೊರತೆ. ಆಪ್ಷನ್ ಆಟ ಈ ಕೊರತೆಯನ್ನು ತೀರಿಸುವ ಉಪಾಯ. ಇಬ್ಬರು ರಕ್ಷಕರನ್ನು ಬೇಕೆಂದೇ ತಡೆಯದೆ ಬಿಡುತ್ತಾರೆ. ಅವರನ್ನು ದೇಹದಿಂದ ತಡೆಯುವ ಬದಲು ಕಣ್ಣಿನಿಂದ ಓದುತ್ತಾರೆ.

ಚೆಂಡು ಕೈಗೆ ಬಂದ ಕೂಡಲೇ ಕ್ವಾರ್ಟರ್‌ಬ್ಯಾಕ್ ಅದನ್ನು ತನ್ನ ಬೆನ್ನಿಗೆ ನಿಂತ ಓಟಗಾರನ, ಅಂದರೆ ಫುಲ್‌ಬ್ಯಾಕಿನ, ಹೊಟ್ಟೆಗೆ ಒತ್ತಿ ಹಿಡಿಯುತ್ತಾನೆ. ಇನ್ನೂ ಬಿಟ್ಟಿರುವುದಿಲ್ಲ. ಕಣ್ಣು ಮಾತ್ರ ತಡೆಯದೆ ಬಿಟ್ಟ ಮೊದಲನೆಯವನ ಮೇಲೆ. ಅವನು ಫುಲ್‌ಬ್ಯಾಕಿನ ಕಡೆ ನುಗ್ಗದಿದ್ದರೆ ಚೆಂಡು ಫುಲ್‌ಬ್ಯಾಕಿಗೆ. ಇದಕ್ಕೆ ಡೈವ್ ಎನ್ನುತ್ತಾರೆ. ಅವನು ಒಳಕ್ಕೆ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹೊರಗೆಳೆದುಕೊಂಡು ಅಂಚಿನ ಕಡೆ ಓಡುತ್ತಾನೆ. ಅಲ್ಲಿ ಎರಡನೆಯವನು ಎದುರಾಗುತ್ತಾನೆ. ಅವನು ತನ್ನ ಮೇಲೆ ಬಂದರೆ ಚೆಂಡನ್ನು ಪಕ್ಕದಲ್ಲಿ ಓಡಿಬರುತ್ತಿರುವ ಮೂರನೆಯ ಓಟಗಾರನಿಗೆ ಎಸೆಯುತ್ತಾನೆ. ಅದು ಪಿಚ್. ಬರದೆ ಪಿಚ್‌ನವನ ಕಡೆ ಹೋದರೆ ತಾನೇ ಓಡುತ್ತಾನೆ. ಇಷ್ಟೆಲ್ಲ ಎರಡು ಮೂರು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಈಗ ಲೆಕ್ಕ ಮಾಡಿ. ಓಡಬಹುದಾದವರು ಮೂವರು, ಉಳಿದ ಎಂಟು ಮಂದಿ ತಡೆಯುವವರು. ಎದುರಿಗೆ ಹನ್ನೊಂದರಲ್ಲಿ ಇಬ್ಬರು ಲೆಕ್ಕಕ್ಕಿಲ್ಲ, ಒಂಬತ್ತು. ಕೊರತೆ ಒಂದಕ್ಕೆ ಇಳಿಯಿತು. ಆ ಒಬ್ಬನೂ ಬಹುಮಟ್ಟಿಗೆ ಮೈದಾನದ ಆಚೆ ಅಂಚಿನಲ್ಲಿ ದೂರ ನಿಂತವನು.

ಹಾಗಾದರೆ ರಕ್ಷಣೆ ಏನು ಮಾಡಬೇಕು?

ಮೊದಲ ಉತ್ತರ ಹಳೆಯದು, ಇಂದಿಗೂ ಬುನಾದಿ. ಮೂವರು ಓಟಗಾರರಿಗೆ ಮೂವರು ಹೊಣೆಗಾರರು. ಫುಲ್‌ಬ್ಯಾಕ್ ನಿನ್ನವನು, ಕ್ವಾರ್ಟರ್‌ಬ್ಯಾಕ್ ನಿನ್ನವನು, ಪಿಚ್‌ನವನು ನಿನ್ನವನು. ಚೆಂಡು ಎಲ್ಲಿಗಾದರೂ ಹೋಗಲಿ, ನಿನ್ನವನನ್ನು ಬಿಡಬೇಡ. ಕೇಳಲು ಸುಲಭ. ಆದರೆ ರಕ್ಷಣಾ ಆಟಗಾರನನ್ನು ಚಿಕ್ಕಂದಿನಿಂದ ಬೆಳೆಸಿರುವುದು ಚೆಂಡನ್ನು ಬೆನ್ನಟ್ಟಲು. ಕಣ್ಣೆದುರೇ ಚೆಂಡು ಬೇರೆಯವನ ಕೈಯಲ್ಲಿ ಹೋಗುತ್ತಿರುವಾಗ, ಬರಿಗೈಯವನನ್ನು ಹಿಡಿದು ಕೆಡವು ಎಂದರೆ ಅವನ ಮೈಯೇ ಒಪ್ಪುವುದಿಲ್ಲ. ಇದಕ್ಕೆ ಕೋಚ್‌ಗಳು ಮಾಡುವ ಒಂದು ಅಭ್ಯಾಸ ನನಗೆ ಬಹಳ ಇಷ್ಟ. ಆಪ್ಷನ್ ತಂಡದ ಎದುರು ಆಡುವ ವಾರದಲ್ಲಿ ಅಭ್ಯಾಸದಿಂದ ಚೆಂಡನ್ನೇ ತೆಗೆದುಹಾಕುತ್ತಾರೆ. ಎದುರಾಳಿಯ ಪಾತ್ರ ಮಾಡುವ ಹುಡುಗರು ಖಾಲಿ ಕೈಯಲ್ಲಿ ಅದೇ ಆಟ ಆಡುತ್ತಾರೆ. ಮೂವರೂ ಓಡುತ್ತಾರೆ, ಮೂವರನ್ನೂ ಪ್ರತಿ ಸಲ ಕೆಡವಬೇಕು. ಹುಡುಕಲು ಚೆಂಡೇ ಇಲ್ಲದಿದ್ದಾಗ ಹೊಣೆ ಮಾತ್ರ ಉಳಿಯುತ್ತದೆ.

ಕಬಡ್ಡಿ ಆಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರೈಡರ್ ಎಡ ಮೂಲೆಯ ಕಡೆ ಕಾಲು ಚಾಚುವುದು ಹೆಚ್ಚಾಗಿ ಎಡ ಮೂಲೆಯವನನ್ನು ಮುಟ್ಟಲಿಕ್ಕೆ ಅಲ್ಲವೇ ಅಲ್ಲ. ಬಲಗಡೆಯ ಕವರ್ ಆಸೆಪಟ್ಟು ಒಂದು ಹೆಜ್ಜೆ ಮುಂದಿಡಲಿ ಎಂದು. ಕೈ ಹಿಡಿದ ಸರಪಳಿ ಬಿಚ್ಚದ ತಂಡಕ್ಕೆ ಆ ಆಮಿಷ ತಾಗುವುದಿಲ್ಲ. ನಾನು ಶಾಲೆಯಲ್ಲಿ ಮೂಲೆಯಲ್ಲಿ ಆಡುತ್ತಿದ್ದೆ, ಹಾಗಾಗಿ ಈ ಹೋಲಿಕೆ ಬಿಡಲಾಗಲಿಲ್ಲ. ಮುಂದಕ್ಕೆ ಹೋಗೋಣ.

ಹೊಣೆ ಹಂಚಿಕೆಯ ಇತಿಹಾಸದಲ್ಲಿ ಹೇಳಲೇಬೇಕಾದ ಪಂದ್ಯ ಒಂದಿದೆ. 1968ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಡ್ಯಾರೆಲ್ ರಾಯಲ್ ಅವರ ಸಹಾಯಕರಾಗಿದ್ದ ಎಮೊರಿ ಬೆಲ್ಲಾರ್ಡ್ ವಿಶ್‌ಬೋನ್ ಎಂಬ ವಿನ್ಯಾಸವನ್ನು ಕಟ್ಟಿದರು. ಕ್ವಾರ್ಟರ್‌ಬ್ಯಾಕಿನ ಬೆನ್ನಿಗೆ ಫುಲ್‌ಬ್ಯಾಕ್, ಅವನ ಹಿಂದೆ ಅತ್ತಿತ್ತ ಇಬ್ಬರು ಓಟಗಾರರು, ಮೇಲಿನಿಂದ ನೋಡಿದರೆ ಇಂಗ್ಲಿಷಿನ ವೈ ಅಕ್ಷರ. ಆ ವರ್ಷದ ಮೊದಲ ಪಂದ್ಯ ಸಮವಾಯಿತು, ಎರಡನೆಯದು ಸೋತರು. ಆಮೇಲೆ ಸತತ 30 ಪಂದ್ಯ ಗೆದ್ದರು. ಆ ಓಟ ನಿಂತದ್ದು 1971ರ ಜನವರಿ 1ರಂದು ಡಲ್ಲಾಸಿನ ಕಾಟನ್ ಬೌಲ್‌ನಲ್ಲಿ, ಅಂದರೆ ಋತುವಿನ ಕೊನೆಯಲ್ಲಿ ನಡೆಯುವ ವಿಶೇಷ ಪಂದ್ಯಗಳಲ್ಲೊಂದರಲ್ಲಿ. ನಾಟ್ರ ಡೇಮ್ ತಂಡ 24-11ರಿಂದ ಗೆದ್ದಿತು. ಹಿಂದಿನ ವರ್ಷ ಅದೇ ಮೈದಾನದಲ್ಲಿ ಅದೇ ಟೆಕ್ಸಸ್‌ಗೆ 21-17ರಿಂದ ಸೋತಿದ್ದ ತಂಡ ಅದು. ಅದರ ಕೋಚ್ ಆರಾ ಪಾರ್ಸೀಗಿಯನ್ ಈ ಸಲ ಕನ್ನಡಿ ಹಿಡಿದರು. ವಿಶ್‌ಬೋನ್‌ನ ಹಿಂಬದಿಯ ಆಟಗಾರರು ಹೇಗೆ ನಿಲ್ಲುತ್ತಾರೋ ಅದಕ್ಕೆ ಸರಿಯಾಗಿ ತಮ್ಮವರನ್ನು ಎದುರು ನಿಲ್ಲಿಸಿದರು. ಪ್ರತಿ ಓಟಗಾರನಿಗೂ ಒಂದು ನೆರಳು. ಅವನು ಎತ್ತ ಹೋದರೆ ನೆರಳೂ ಅತ್ತ. ಅಂದು ಟೆಕ್ಸಸ್‌ನವರು ಒಂಬತ್ತು ಸಲ ಚೆಂಡನ್ನು ಕೈಬಿಟ್ಟರು, ಅದರಲ್ಲಿ ಐದು ಸಲ ಅದು ಎದುರಾಳಿಯ ಪಾಲಾಯಿತು. ಆಪ್ಷನ್ ಆಟದಲ್ಲಿ ಚೆಂಡು ಕೈಯಿಂದ ಕೈಗೆ ಜಾರುವ ಗಳಿಗೆಯೇ ಅದರ ಬಲ. ಅದೇ ಗಳಿಗೆಯಲ್ಲಿ ಒಂದು ಹೆಗಲು ಬಂದು ಅಪ್ಪಳಿಸಿದರೆ ಅದೇ ಅದರ ದೌರ್ಬಲ್ಯ.

ಆದರೆ ಬರಿಯ ಹೊಣೆ ಹಂಚಿಕೆ ಸಾಲದು. ಇಲ್ಲಿಂದ ಮುಂದಿನದು ನನ್ನ ನಿಜವಾದ ವಿಷಯ.

ಪ್ರತಿ ಸಲ ಒಬ್ಬನೇ ಆಟಗಾರ ಒಂದೇ ಕೆಲಸ ಮಾಡಿದರೆ ಕ್ವಾರ್ಟರ್‌ಬ್ಯಾಕಿಗೆ ಓದುವ ಕಷ್ಟವೇ ಇಲ್ಲ. ತೆರೆದಿಟ್ಟ ಪುಸ್ತಕ. ಆಪ್ಷನ್ ಎಂದರೆ ರಕ್ಷಕನಿಗೆ ಒಂದು ಪ್ರಶ್ನೆ ಹಾಕುವುದು: ಇವನನ್ನು ಹಿಡಿಯುತ್ತೀಯೋ, ಅವನನ್ನೋ? ಯಾವ ಉತ್ತರ ಕೊಟ್ಟರೂ ತಪ್ಪು. ಹಾಗಾಗಿ ಒಳ್ಳೆಯ ರಕ್ಷಣೆ ಉತ್ತರ ಹುಡುಕುತ್ತಾ ಕೂರುವುದಿಲ್ಲ, ಪ್ರಶ್ನೆಯನ್ನು ಕ್ವಾರ್ಟರ್‌ಬ್ಯಾಕಿಗೇ ತಿರುಗಿಸುತ್ತದೆ. ಓದುವವನು ಓದಿದ್ದೇ ಸುಳ್ಳಾಗುವಂತೆ ಮಾಡುತ್ತದೆ.

ಇದಕ್ಕೆ ಅತ್ಯಂತ ಚೆಂದದ ಉದಾಹರಣೆ ಅದಲುಬದಲು. ಇಂದಿನ ಆಪ್ಷನ್‌ನ ಒಂದು ರೂಪ ಝೋನ್ ರೀಡ್. ಅದು ಹುಟ್ಟಿದ ಕತೆಯನ್ನು ರಿಚ್ ರಾಡ್ರಿಗೆಸ್ ಅವರೇ ಅನೇಕ ಸಲ ಹೇಳಿಕೊಂಡಿದ್ದಾರೆ. 1990ರ ದಶಕದ ಮೊದಲ ವರ್ಷಗಳು, ವೆಸ್ಟ್ ವರ್ಜೀನಿಯಾದ ಗ್ಲೆನ್‌ವಿಲ್ ಸ್ಟೇಟ್ ಎಂಬ ಸಣ್ಣ ಕಾಲೇಜು. ಅಭ್ಯಾಸದಲ್ಲಿ ಕ್ವಾರ್ಟರ್‌ಬ್ಯಾಕಿಗೆ ಚೆಂಡನ್ನು ಓಟಗಾರನ ಕೈಗೆ ಸರಿಯಾಗಿ ಕೊಡಲಾಗಲಿಲ್ಲ. ಅಂಚಿನ ರಕ್ಷಕ, ಅಂದರೆ ಡಿಫೆನ್ಸಿವ್ ಎಂಡ್, ಓಟಗಾರನ ಬೆನ್ನು ಹತ್ತಿ ಒಳಕ್ಕೆ ಹೋಗಿದ್ದ. ಹುಡುಗ ಅವನು ಬಿಟ್ಟ ಖಾಲಿ ಜಾಗದಲ್ಲಿ ಚೆಂಡು ಹಿಡಿದು ಓಡಿಬಿಟ್ಟ. ಯಾಕೆ ಹಾಗೆ ಮಾಡಿದೆ ಎಂದು ಕೋಚ್ ಕೇಳಿದರು. ಎಂಡ್ ಒಳಗೆ ನುಗ್ಗಿದ, ಅದಕ್ಕೇ ಎಂದ ಹುಡುಗ. ಕೈ ತಪ್ಪಿದ ಒಂದು ಆಟದಿಂದ ದೇಶದ ಕಾಲೇಜು ಫುಟ್‌ಬಾಲ್ ಬದಲಾಯಿತು.

ಈಗ ರಕ್ಷಣೆಯ ಪ್ರತಿಯುಪಾಯ ನೋಡಿ. ಎಂಡ್ ಬೇಕೆಂದೇ ಓಟಗಾರನ ಮೇಲೆ ನುಗ್ಗುತ್ತಾನೆ. ಕ್ವಾರ್ಟರ್‌ಬ್ಯಾಕ್ ಕಲಿತ ಪಾಠದಂತೆ ಚೆಂಡನ್ನು ಹಿಂದಕ್ಕೆಳೆದು ಆ ಖಾಲಿ ಜಾಗಕ್ಕೆ ಓಡುತ್ತಾನೆ. ಅಷ್ಟರಲ್ಲಿ ಒಳಗಡೆ, ಮುಂದಿನ ಸಾಲಿನ ಹಿಂದೆ ನಿಂತಿದ್ದ ರಕ್ಷಕ, ಅಂದರೆ ಲೈನ್‌ಬ್ಯಾಕರ್, ಎಂಡ್‌ನ ಬೆನ್ನ ಹಿಂದಿನಿಂದ ಸುತ್ತಿ ಹೊರಕ್ಕೆ ಬಂದು ಅದೇ ಜಾಗದಲ್ಲಿ ಕಾದಿರುತ್ತಾನೆ. ಇದಕ್ಕೆ ಸ್ಕ್ರೇಪ್ ಎಕ್ಸ್‌ಚೇಂಜ್ ಎನ್ನುತ್ತಾರೆ. ಇಬ್ಬರೂ ತಮ್ಮ ಹೊಣೆಗಳನ್ನು ಅದಲುಬದಲು ಮಾಡಿಕೊಂಡರು, ಅಷ್ಟೇ. ಕ್ವಾರ್ಟರ್‌ಬ್ಯಾಕ್ ತಪ್ಪು ಓದಲಿಲ್ಲ. ಸರಿಯಾಗಿ ಓದಿದ್ದಕ್ಕೇ ಸಿಕ್ಕಿಬಿದ್ದ. ಎರಡು ಸಲ ಹೀಗಾದ ಮೇಲೆ ಮೂರನೆಯ ಸಲ ಎಂಡ್ ನಿಜವಾಗಿ ನುಗ್ಗಿದರೂ ಕ್ವಾರ್ಟರ್‌ಬ್ಯಾಕಿಗೆ ಅನುಮಾನ ಬರುತ್ತದೆ. ಅರ್ಧ ಸೆಕೆಂಡ್ ತಡವಾಗುತ್ತದೆ. ರಕ್ಷಣೆಗೆ ಬೇಕಾದದ್ದು ಆ ಅರ್ಧ ಸೆಕೆಂಡ್.

ಆ ತಡ ಹುಟ್ಟಿಸುವ ಇನ್ನೊಂದು ವಿದ್ಯೆ, ನುಗ್ಗದೆ ಇರುವುದು. ಎಂಡ್ ಭುಜಗಳನ್ನು ಆಟ ಶುರುವಾಗುವ ಗೆರೆಗೆ ಸಮಾನಾಂತರವಾಗಿ ಇಟ್ಟುಕೊಂಡು, ಒಳಕ್ಕೂ ಹೊರಕ್ಕೂ ಪೂರ್ತಿ ವಾಲದೆ, ಸಣ್ಣ ಹೆಜ್ಜೆಗಳಲ್ಲಿ ಪಕ್ಕಕ್ಕೆ ಜರುಗುತ್ತಾನೆ. ಕ್ವಾರ್ಟರ್‌ಬ್ಯಾಕಿನ ಮೇಲೆ ಹೋಗುವಂತೆ ತೋರಿಸಿ ಹಿಂದೆ ಸರಿಯುತ್ತಾನೆ. ಎರಡೂ ಕಡೆಯವರು ಒಬ್ಬರ ನಿರ್ಧಾರಕ್ಕೆ ಒಬ್ಬರು ಕಾಯುತ್ತಾರೆ. ಈ ಕಾಯುವಿಕೆಯಲ್ಲಿ ಲಾಭ ಯಾರಿಗೆ? ಮೈದಾನದ ಆಚೆ ಬದಿಯಿಂದ ಓಡಿಬರುತ್ತಿರುವ ಉಳಿದ ರಕ್ಷಕರಿಗೆ. ನಾನು ಆಗ ಹೇಳಿದೆನಲ್ಲ, ಕೊರತೆಯ ಲೆಕ್ಕದಲ್ಲಿ ಉಳಿದುಹೋದ ಆ ಒಬ್ಬ, ಅವನು ಬಂದು ಸೇರಲು ಸಮಯ ಸಿಕ್ಕಿತು.

ಹಾಗಾದರೆ ಮೂವರಲ್ಲಿ ಮೊದಲು ಯಾರನ್ನು ಮುಚ್ಚಬೇಕು? ಕೋಚ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಪಿಚ್ ಎಂದರೆ ಜನ ಹೆದರುತ್ತಾರೆ, ಅದು ಕಣ್ಣಿಗೆ ಕಟ್ಟುವ ಓಟ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಮೊದಲು ಫುಲ್‌ಬ್ಯಾಕ್. ಡೈವ್ ಎಲ್ಲಕ್ಕಿಂತ ಬೇಗ ಮುಗಿಯುವ ಆಟ, ಬೆನ್ನಟ್ಟಿ ಹಿಡಿಯಲು ಸಮಯವೇ ಸಿಗುವುದಿಲ್ಲ. ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಫುಲ್‌ಬ್ಯಾಕ್ ಪ್ರತಿ ಸಲ ಮೂರು ಯಾರ್ಡ್ ತಳ್ಳಿಕೊಂಡು ಹೋದರೆ ನಾಲ್ಕಕ್ಕೆ ಹನ್ನೆರಡು. ಆ ತಂಡ ಚೆಂಡನ್ನು ಬಿಟ್ಟುಕೊಡುವುದೇ ಇಲ್ಲ. 2018ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೇನಾ ಅಕಾಡೆಮಿಯ ಆರ್ಮಿ ತಂಡ, ಅದೂ ಆಪ್ಷನ್ ತಂಡವೇ, ಓಕ್ಲಹೋಮಾಕ್ಕೆ ಹೋಗಿ ಆಡಿದ ಪಂದ್ಯ ಇದಕ್ಕೆ ಸಾಕ್ಷಿ. ಓಕ್ಲಹೋಮಾದಲ್ಲಿ ಕೈಲರ್ ಮರ್ರಿಯಂಥ ಕ್ವಾರ್ಟರ್‌ಬ್ಯಾಕ್ ಇದ್ದ. ಆದರೆ 60 ನಿಮಿಷಗಳ ಆಟದಲ್ಲಿ ಸುಮಾರು 45 ನಿಮಿಷ ಚೆಂಡು ಆರ್ಮಿಯ ಬಳಿಯೇ ಇತ್ತು. ಮರ್ರಿ ಬದಿಯಲ್ಲಿ ನಿಂತು ನೋಡಬೇಕಾಯಿತು. ಕೊನೆಗೆ ಓಕ್ಲಹೋಮಾ ಹೆಚ್ಚುವರಿ ಅವಧಿಯಲ್ಲಿ 28-21ರಿಂದ ಗೆದ್ದಿತು, ಆದರೆ ಕೂದಲೆಳೆಯಲ್ಲಿ. ಆದ್ದರಿಂದ ಆಪ್ಷನ್ ಎದುರು ಮೊದಲ ಅವಕಾಶದಲ್ಲೇ ಅವರನ್ನು ಒಂದೆರಡು ಯಾರ್ಡಿಗೆ ನಿಲ್ಲಿಸುವುದು ಬಹಳ ಮುಖ್ಯ. ಎರಡನೆಯ ಅವಕಾಶಕ್ಕೆ ಎಂಟು ಒಂಬತ್ತು ಯಾರ್ಡ್ ಉಳಿದರೆ ಅವರಿಗೆ ಒಗ್ಗದ ಆಟ, ಅಂದರೆ ಎಸೆತದ ಆಟ, ಆಡಬೇಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಬುದ್ಧಿಯ ಉತ್ತರಗಳು. ದೇಹದ ಉತ್ತರಗಳೂ ಇವೆ. 1980ರ ದಶಕದಲ್ಲಿ ಬ್ಯಾರಿ ಸ್ವಿಟ್ಜರ್ ಅವರ ಓಕ್ಲಹೋಮಾ ವಿಶ್‌ಬೋನ್ ಆಟಕ್ಕೆ ಹೆಸರಾಗಿತ್ತು. 1985, 1986, 1987ರ ಮೂರು ಋತುಗಳಲ್ಲಿ ಆ ತಂಡ ಸೋತದ್ದು ಮೂರೇ ಪಂದ್ಯ. ಮೂರೂ ಜಿಮ್ಮಿ ಜಾನ್ಸನ್ ಅವರ ಮಿಯಾಮಿ ತಂಡದ ಎದುರು. ಮೊದಲನೆಯ ಸೋಲಿನಲ್ಲಿ ಟ್ರಾಯ್ ಐಕ್‌ಮನ್ ಕ್ವಾರ್ಟರ್‌ಬ್ಯಾಕ್ ಆಗಿದ್ದರು, ಆಗ ಆಟದಲ್ಲಿ ಎಸೆತಕ್ಕೂ ಜಾಗವಿತ್ತು, ಆ ಪಂದ್ಯದಲ್ಲೇ ಅವರ ಕಾಲು ಮುರಿಯಿತು. ಉಳಿದ ಎರಡರಲ್ಲಿ ಎದುರಿಗಿದ್ದದ್ದು ಅಪ್ಪಟ ವಿಶ್‌ಬೋನ್. ಜಾನ್ಸನ್ ಮಾಡಿದ್ದೇನೆಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ ಸೇಫ್ಟಿ ಜಾಗದ ಹುಡುಗರನ್ನು ಲೈನ್‌ಬ್ಯಾಕರ್ ಮಾಡಿದರು, ಲೈನ್‌ಬ್ಯಾಕರ್‌ಗಳನ್ನು ಎಂಡ್ ಮಾಡಿದರು. ತೂಕ ಕಡಿಮೆಯಾಯಿತು, ವೇಗ ಹೆಚ್ಚಾಯಿತು. ವೇಗವಿದ್ದವನಿಗೆ ಆಪ್ಷನ್ ಎದುರು ಒಂದು ತಪ್ಪು ಮಾಡಿಯೂ ತಿದ್ದಿಕೊಳ್ಳುವ ಅವಕಾಶ ಇರುತ್ತದೆ. ಒಳಗಿನವನನ್ನು ಹಿಡಿಯಲು ಹೋಗಿ, ಚೆಂಡು ಹೊರಗೆ ಹೋಯಿತೆಂದು ತಿಳಿದು, ಮತ್ತೆ ಹೊರಗೋಡಿ ಹಿಡಿಯಬಲ್ಲವನನ್ನು ಕ್ವಾರ್ಟರ್‌ಬ್ಯಾಕ್ ಹೇಗೆ ಓದಬೇಕು?

ನಮ್ಮ ಟೆಕ್ ತಂಡಕ್ಕೆ ಬಿದ್ದ ಪೆಟ್ಟು ಬೇರೆ ಬಗೆಯದು. 2010ರ ಜನವರಿಯ ಆರೆಂಜ್ ಬೌಲ್‌ನಲ್ಲಿ ಅಯೋವಾ 24-14ರಿಂದ ಸೋಲಿಸಿತು. ಆ ರಾತ್ರಿ ನಮ್ಮವರು ಒಟ್ಟು ಗಳಿಸಿದ್ದು 155 ಯಾರ್ಡ್. ಎರಡು ಟಚ್‌ಡೌನ್‌ಗಳಲ್ಲಿ, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಗಳಿಸುವ ಅಂಕಗಳಲ್ಲಿ, ಒಂದು ನಮ್ಮ ರಕ್ಷಣಾ ತಂಡದವನೇ ಎದುರಾಳಿಯ ಎಸೆತ ಕಸಿದು ತಂದದ್ದು. ಟಿವಿ ಎದುರು ಕೂತು ನೋಡಿದ ನನಗೆ ಇಂದಿಗೂ ಆ ಸಂಕಟ ನೆನಪಿದೆ. ಅಯೋವಾದ ಮುಂದಿನ ಸಾಲು, ಅದರಲ್ಲೂ ಪಂದ್ಯಶ್ರೇಷ್ಠನಾದ ಏಡ್ರಿಯನ್ ಕ್ಲೇಬಾರ್ನ್, ತಮ್ಮನ್ನು ಅಡ್ಡಗಟ್ಟಲು ಬಂದವರನ್ನೇ ಹಿಂದಕ್ಕೆ ತಳ್ಳಿ ಕ್ವಾರ್ಟರ್‌ಬ್ಯಾಕ್ ಓದುವ ಜಾಗದಲ್ಲೇ ಬಂದು ನಿಂತರು. ಯಾರನ್ನು ತಡೆಯಬೇಕಿತ್ತೋ ಅವರನ್ನೇ ತಡೆಯಲಾಗದಿದ್ದರೆ ತಡೆಯದೆ ಬಿಟ್ಟವನನ್ನು ಓದಿ ಏನು ಪ್ರಯೋಜನ?

ಬೌಲ್ ಪಂದ್ಯಗಳಿಗೆ ಮುನ್ನ ತಯಾರಿಗೆ ಸುಮಾರು ಒಂದು ತಿಂಗಳು ಸಿಗುತ್ತದೆ, ಅದರಿಂದಲೇ ಆಪ್ಷನ್ ತಂಡಗಳು ಅಲ್ಲಿ ಸೋಲುತ್ತವೆ ಎಂದು ಹೇಳುವವರಿದ್ದಾರೆ. ನಾನು ಪೂರ್ತಿ ಒಪ್ಪುವುದಿಲ್ಲ. 2014ರ ಡಿಸೆಂಬರ್ 31ರಂದು ಅದೇ ಆರೆಂಜ್ ಬೌಲ್‌ನಲ್ಲಿ ಟೆಕ್ ತಂಡ ಮಿಸಿಸಿಪಿ ಸ್ಟೇಟ್ ಎದುರು ಓಟದಿಂದಲೇ 452 ಯಾರ್ಡ್ ಗಳಿಸಿ 49-34ರಿಂದ ಗೆದ್ದಿತು. ಆ ಎದುರಾಳಿಗೂ ಒಂದು ತಿಂಗಳು ಸಿಕ್ಕಿತ್ತು. ಆದರೂ ಸಮಯ ಮುಖ್ಯ ಎಂಬುದು ನಿಜ, ಅದಕ್ಕೆ ಕಾರಣ ಮೊಣಕಾಲು. ಆಪ್ಷನ್ ತಂಡದವರು ಎದುರಾಳಿಯ ಕಾಲಿಗೇ ಉರುಳಿ ಬೀಳುವ ಕಟ್ ಬ್ಲಾಕ್ ಬಳಸುತ್ತಾರೆ. ವರ್ಷವಿಡೀ ಎದೆಗೆ ಎದೆ ಕೊಟ್ಟು ಆಡಿದವನಿಗೆ ಕಾಲಬುಡಕ್ಕೆ ಬರುವವನನ್ನು ಕೈಯಿಂದ ಕೆಳಕ್ಕೊತ್ತಿ, ಪಾದ ಹಿಂದೆಳೆದು, ನಿಂತೇ ಇರುವುದು ಹೊಸ ಪಾಠ. ಜಿಮ್‌ಗಳಲ್ಲಿ ಇರುವ ದೊಡ್ಡ ಗಾಳಿ ಚೆಂಡುಗಳನ್ನು ಆಟಗಾರರ ಕಾಲಿನತ್ತ ಉರುಳಿಸಿ ಇದನ್ನು ಕಲಿಸುತ್ತಾರೆ. 2022ರಿಂದ ಕಾಲೇಜು ಫುಟ್‌ಬಾಲ್ ನಿಯಮಗಳು ಸೊಂಟದ ಕೆಳಗಿನ ಇಂಥ ತಡೆಯನ್ನು ಮುಂದಿನ ಸಾಲಿನ ಒಳವಲಯಕ್ಕೆ ಸೀಮಿತಗೊಳಿಸಿವೆ. ನಾನು ಆಪ್ಷನ್ ಆಟದ ಪ್ರೇಮಿ, ಆದರೂ ಈ ನಿಯಮ ಸರಿ ಎನ್ನುತ್ತೇನೆ. ಹತ್ತೊಂಬತ್ತು ವರ್ಷದ ಹುಡುಗನ ಮೊಣಕಾಲು ಯಾವ ವಿನ್ಯಾಸಕ್ಕಿಂತಲೂ ದೊಡ್ಡದು.

ಇಷ್ಟೆಲ್ಲ ಮಾಡಿ ಓಟವನ್ನು ನಿಲ್ಲಿಸಿದಿರಿ ಎಂದುಕೊಳ್ಳಿ. ಆಗ ಬೆನ್ನ ಹಿಂದೆ ಬಾಗಿಲು ತೆರೆಯುತ್ತದೆ. ಪಿಚ್ ಹಿಡಿಯಲು ಸೇಫ್ಟಿ ಮುಂದಕ್ಕೆ ಓಡಿಬಂದರೆ ಅಂಚಿನಲ್ಲಿ ಎಸೆತ ಹಿಡಿಯುವ ರಿಸೀವರ್ ಎದುರು ಒಬ್ಬನೇ ಒಬ್ಬ ರಕ್ಷಕ. 2009ರಲ್ಲಿ ಟೆಕ್‌ನ ಡೆಮೇರಿಯಸ್ ಥಾಮಸ್ ಇಡೀ ಋತುವಿನಲ್ಲಿ ಹಿಡಿದದ್ದು 46 ಎಸೆತ, ಗಳಿಸಿದ್ದು 1,154 ಯಾರ್ಡ್. ಹಿಡಿದ ಪ್ರತಿ ಚೆಂಡಿಗೆ ಸರಾಸರಿ 25. ಅವನು ಮೂವತ್ತಮೂರು ವರ್ಷಕ್ಕೇ ತೀರಿಹೋದ. ಅವನು ಅಂಚಿನಲ್ಲಿ ಒಂಟಿಯಾಗಿ ಓಡುತ್ತಿದ್ದ ದೃಶ್ಯ ನನ್ನ ಕಣ್ಣಿನಿಂದ ಹೋಗಿಲ್ಲ.

ವೃತ್ತಿಪರ ಫುಟ್‌ಬಾಲ್‌ನಲ್ಲೂ ಇದೇ ಪಾಠ ನಡೆಯಿತು. 2013ರ ಜನವರಿ 12ರಂದು ಸ್ಯಾನ್ ಫ್ರಾನ್ಸಿಸ್ಕೋದ ಕಾಲಿನ್ ಕೆಪರ್ನಿಕ್ ಗ್ರೀನ್ ಬೇ ಎದುರು ಓಡಿಯೇ 181 ಯಾರ್ಡ್ ಗಳಿಸಿದ, ಕ್ವಾರ್ಟರ್‌ಬ್ಯಾಕ್ ಒಬ್ಬನಿಗೆ ಅದು ದಾಖಲೆ. ಬೇಸಿಗೆ ಪೂರ್ತಿ ಗ್ರೀನ್ ಬೇ ಅದಕ್ಕೆ ಉತ್ತರ ಹುಡುಕಿತು. ಸೆಪ್ಟೆಂಬರಿನ ಮೊದಲ ಪಂದ್ಯದಲ್ಲಿ ಇದೇ ಎರಡು ತಂಡಗಳು ಎದುರಾದಾಗ ಕೆಪರ್ನಿಕ್‌ನ ಓಟ ಬರಿ 22 ಯಾರ್ಡಿಗೆ ನಿಂತಿತು. ಉತ್ತರ ಸಿಕ್ಕಿತೇ? ಅವನು ಎಸೆದು 412 ಯಾರ್ಡ್ ಗಳಿಸಿದ, ಗ್ರೀನ್ ಬೇ ಮತ್ತೆ ಸೋತಿತು.

ಇನ್ನೊಂದು ಉದಾಹರಣೆ ಹೇಳಿ ಮುಗಿಸುತ್ತೇನೆ, ಏಕೆಂದರೆ ಇದರಲ್ಲಿ ಧೈರ್ಯವಿದೆ. 2018ರ ಡಿಸೆಂಬರ್ 22ರಂದು ಓಡುವ ಕ್ವಾರ್ಟರ್‌ಬ್ಯಾಕ್ ಲಾಮರ್ ಜಾಕ್ಸನ್ ಇದ್ದ ಬಾಲ್ಟಿಮೋರ್ ತಂಡ ಚಾರ್ಜರ್ಸ್ ತಂಡವನ್ನು 22-10ರಿಂದ ಸೋಲಿಸಿತು. ಹದಿನೈದು ದಿನಗಳ ನಂತರ ನಾಕೌಟ್ ಪಂದ್ಯದಲ್ಲಿ ಮತ್ತೆ ಅದೇ ಎದುರಾಳಿ. ಚಾರ್ಜರ್ಸ್‌ನ ಲೈನ್‌ಬ್ಯಾಕರ್‌ಗಳಲ್ಲಿ ಹಲವರಿಗೆ ಗಾಯವಾಗಿತ್ತು. ಓಟದ ತಂಡದ ಎದುರು ದೊಡ್ಡ ಆಳುಗಳನ್ನು ತುಂಬುವುದು ವಾಡಿಕೆ. ಅವರ ರಕ್ಷಣಾ ಕೋಚ್ ಗಸ್ ಬ್ರಾಡ್ಲಿ ಬಹುತೇಕ ಇಡೀ ಪಂದ್ಯ ಏಳು ಮಂದಿ ಹಗುರ ಆಟಗಾರರನ್ನು, ಅಂದರೆ ಹಿಂಬದಿಯಲ್ಲಿ ಎಸೆತ ಕಾಯುವ ಸೇಫ್ಟಿ ಮತ್ತು ಕಾರ್ನರ್‌ಗಳನ್ನು ಆಡಿಸಿದರು. ಜಾಕ್ಸನ್ ಯಾವ ಕಡೆ ತಿರುಗಿದರೂ ಅವನಷ್ಟೇ ವೇಗದವನೊಬ್ಬ ಅಲ್ಲಿದ್ದ. ಚಾರ್ಜರ್ಸ್ 23-17ರಿಂದ ಗೆದ್ದಿತು. ಮಿಯಾಮಿಯ ಮೂವತ್ತು ವರ್ಷ ಹಳೆಯ ಪಾಠ ಗಾಯಗಳಿಂದಾದ ಅಭಾವದಲ್ಲಿ ಮತ್ತೆ ಚಿಗುರಿತ್ತು. ಮುಂದಿನ ವರ್ಷ ಬಾಲ್ಟಿಮೋರ್ ತನ್ನ ಆಟವನ್ನೇ ಹೊಸದಾಗಿ ಕಟ್ಟಿತು, ಜಾಕ್ಸನ್ 1,206 ಯಾರ್ಡ್ ಓಡಿ ಋತುವಿನ ಶ್ರೇಷ್ಠ ಆಟಗಾರನಾದ.

ಈ ಶನಿವಾರ ನಿಮ್ಮ ಮಕ್ಕಳೊಡನೆ ಕೂತು ನೋಡುವಾಗ ಹೀಗೆ ಮಾಡಿ. ಚೆಂಡು ಚಲಿಸುವ ಮುನ್ನ ಅಂಚಿನ ರಕ್ಷಕನ ಮೇಲೆ ಕಣ್ಣಿಡಿ. ಅವನನ್ನು ಯಾರಾದರೂ ಮುಟ್ಟಿದರೇ ನೋಡಿ. ಮುಟ್ಟದಿದ್ದರೆ ಅವನ ಭುಜ ಯಾವ ಕಡೆ ತಿರುಗಿತು ಎಂದು ನೋಡಿ. ಆಮೇಲೆ, ಅವನ ಬೆನ್ನ ಹಿಂದೆ ಯಾರು ಓಡಿಬರುತ್ತಿದ್ದಾರೆ ಎಂದು ಮಕ್ಕಳನ್ನು ಕೇಳಿ.